ಒಳಗೆ ಜನ ಇದ್ದಾರೆ

"ಯಾವ ಸೂಳೆಮಗಂದು ಇದು? ಕೇಳ್ತಿರೋದು ಕಿವಿಗೆ ಬೀಳ್ತಿಲ್ವಾ?"

ಬಣ್ಣದ ಸಾಹೇಬ ಮೂರನೇ ಪೀಪಾಯಿಯ ಸ್ವಿಚ್ಚಿನ ಮುಂದೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ. ಸ್ವಿಚ್ಚಿನ ಹಿಡಿಗೆ ಒಂದು ಜೊತೆ ರಬ್ಬರ್ ಚಪ್ಪಲಿ ನೇತುಹಾಕಿತ್ತು. ಸುಣ್ಣ ಕುಡಿದು ಕುಡಿದು ಬಣ್ಣಗೆಟ್ಟ ಚಪ್ಪಲಿ. ಒಂದರ ಬಾರು ಕಿತ್ತುಹೋಗಿ ತಂತಿಯಲ್ಲಿ ಬಿಗಿದಿದ್ದರು.

"ನನ್ನ ತಮ್ಮಂದು ಸಾರ್," ಎಂದಳು ಗಂಟಲಕ್ಕ. "ಅವನು ಒಳಗಿದಾನೆ."

"ಒಳಗಿದ್ರೆ? ಮೆಷೀನಿಗೆ ಚಪ್ಪಲಿ ನೇತಾಕ್ತೀರಾ? ನಿಮ್ಮಪ್ಪನ ಮನೆ ಬಚ್ಚಲಾ ಇದು?"

"ಬಚ್ಚಲು ಇದಕ್ಕಿಂತ ವಾಸಿ ಸಾರ್. ಅನುಮಾನ ಇದ್ರೆ ಬಗ್ಗಿ ನೋಡಿ."

ಅವಳು ಮೆಲ್ಲಗೇ ಹೇಳಿದ್ದು. ಆದರೆ ಅವಳು ಮೆಲ್ಲಗೆ ಹೇಳಿದರೂ ಕಾರ್ಖಾನೆಯ ಆ ತುದಿಗೆ ಕೇಳುತ್ತಿತ್ತು. ಗಂಟಲಕ್ಕ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಅಷ್ಟೂ ಮೋಟಾರು ಓಡುತ್ತಿರುವಾಗ ಪೀಪಾಯಿಯ ಬಾಯಿಗೆ ಬಾಯಿ ಇಟ್ಟು ಕೂಗಿದರೆ ಒಳಗಿನವನಿಗೆ ತಿಳಿಯುತ್ತಿದ್ದದ್ದು ಅವಳೊಬ್ಬಳ ಧ್ವನಿ. ಅತ್ತ ತೊಗಲು ಹೊರುತ್ತಿದ್ದವರು ಕಿಸಕ್ಕೆಂದು ನಕ್ಕು, ಸಾಹೇಬ ತಿರುಗಿ ನೋಡುವಷ್ಟರಲ್ಲಿ ಮುಖ ಗಂಟು ಹಾಕಿಕೊಂಡರು. ನಕ್ಕಿದ್ದೇ ತಪ್ಪಾಯಿತು.

ಅದು ತೊಗಲು ಹದ ಮಾಡುವ ಕಾರ್ಖಾನೆ. ಉದ್ದನೆಯ ತಗಡಿನ ಛಾವಣಿಯಡಿಯಲ್ಲಿ ಸಾಲಾಗಿ ಮರದ ಪೀಪಾಯಿಗಳು, ಒಂದೊಂದೂ ಒಂದು ಮನೆಯಷ್ಟು. ಮಲಗಿದ ಪೀಪಾಯಿಯ ಹೊಟ್ಟೆಗೆ ತೊಗಲು, ಸುಣ್ಣ, ನೀರು ತುಂಬಿ ಮೋಟಾರು ಹಾಕಿದರೆ ಅದು ಗುಡುಗುಡು ಅಂತ ಉರುಳುತ್ತಲೇ ಇರುತ್ತದೆ. ಒಳಗೆ ತೋಳಿನಷ್ಟು ದಪ್ಪದ ಮರದ ಗೂಟಗಳಿರುತ್ತವೆ. ತೊಗಲನ್ನು ಮೇಲೆತ್ತಿ ಕೆಳಗೆ ಕೆಡವುವುದು ಅವುಗಳ ಕೆಲಸ. ತೊಗಲಿನ ಭಾರಕ್ಕೆ ಗೂಟ ಮುರಿಯುತ್ತದೆ. ಮುರಿದ ಗೂಟ ಕಿತ್ತು ಹೊಸದು ಬಡಿಯಬೇಕು, ತಳದಲ್ಲಿ ಕಟ್ಟಿದ ಸುಣ್ಣ, ಕೂದಲು, ಕೊಬ್ಬು ಕೆರೆದು ಬಳಿಯಬೇಕು. ಅದಕ್ಕೆ ಯಂತ್ರ ಇಲ್ಲ. ನಾಯಿ ತೂರುವಷ್ಟು ಬಾಗಿಲಿನಲ್ಲಿ ಮನುಷ್ಯನೇ ತೂರಬೇಕು.

ಹೀಗೆ ತೂರುವವರದ್ದು ಒಂದು ಪದ್ಧತಿ. ಒಳಗೆ ಹೋಗುವವನು ತನ್ನ ಚಪ್ಪಲಿ ಬಿಟ್ಟು ತನ್ನ ಕೈಯಾರೆ ಸ್ವಿಚ್ಚಿನ ಹಿಡಿಗೆ ನೇತುಹಾಕುತ್ತಾನೆ. ಹೊರಗೆ ಬಂದಮೇಲೆ ಅವನೇ ತೆಗೆದು ಮೆಟ್ಟಿಕೊಳ್ಳುತ್ತಾನೆ. ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಮಾಲೀಕನೇ ಬಂದು ಹೇಳಿದರೂ ಮುಟ್ಟುವ ಹಾಗಿಲ್ಲ. ಯಾರು ಶುರು ಮಾಡಿದರೋ, ಮೇಸ್ತ್ರಿ ಕೆಲಸಕ್ಕೆ ಸೇರುವಾಗಲೇ ಇತ್ತಂತೆ. ಅಷ್ಟೂ ಪೀಪಾಯಿಗಳ ಸ್ವಿಚ್ಚು ಹಾಕುವವನು ಮೇಸ್ತ್ರಿ. ಅವನು ಹಿಡಿಯ ಹತ್ತಿರ ಹೋದರೆ ಮೊದಲು ನೋಡುತ್ತಿದ್ದದ್ದು ಚಪ್ಪಲಿ ಇದೆಯಾ ಅಂತ. ಇದ್ದರೆ ಬೀಡಿ ಹಚ್ಚಿಕೊಂಡು ಕೂರುತ್ತಿದ್ದ.

ಸಾಹೇಬ ಆ ಚಪ್ಪಲಿಯನ್ನು ಪೆನ್ನಿನ ತುದಿಯಿಂದ ಎತ್ತಿ ಸುಣ್ಣದ ಚರಂಡಿಗೆ ಎಸೆದ. ಆಮೇಲೆ ಪೆನ್ನನ್ನೂ ಎಸೆದ.

ಗಂಟಲಕ್ಕ ಹೋಗಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು.

"ಸರಿಯೇ ಪಕ್ಕಕ್ಕೆ."

"ಅವನು ಬರ್ಲಿ ಸಾರ್, ಸರೀತೀನಿ."

"ವಿದೇಶದಿಂದ ಗಿರಾಕಿಗಳು ಬರ್ತಿದಾರೆ, ಅವರಿಗೆ ಇದನ್ನ ತೋರಿಸ್ಲಾ ನಾನು? ಹಿಡೀಲಿ ಚಪ್ಪಲಿ, ಮುಂದೆ ಈ ಮುಖ." ಸಾಹೇಬ ಮೇಸ್ತ್ರಿಯ ಕಡೆ ತಿರುಗಿದ. "ಚಪ್ಪಲಿ ಮೇಲೆ ಇಷ್ಟೊಂದು ಪ್ರೀತಿ ಇದ್ರೆ ತಲೆ ಮೇಲೆ ಇಟ್ಕೊಳ್ಲಿ. ತೆಗೆಸು ಚರಂಡಿಯಿಂದ. ತಲೆ ಮೇಲೆ ಇಟ್ಕೊಂಡು ಗೇಟಿನ ಹತ್ರ ನಿಂತ್ಕೊಳ್ಲಿ, ಊಟದ ಗಂಟೆ ಹೊಡೆಯೋವರೆಗೂ. ಇಲ್ಲ ಅಂದ್ರೆ ಅಕ್ಕ ತಮ್ಮ ಇಬ್ರೂ ನಾಳೆಯಿಂದ ಬರೋದು ಬೇಡ."

ಗಂಟಲಕ್ಕ ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ಕುಂಟುಕಾಲಿನವನು, ಅವನೂ ಒಂದು ಕಾಲದಲ್ಲಿ ಪೀಪಾಯಿಯೊಳಗೆ ತೂರುತ್ತಿದ್ದವನೇ. ಸಾಹೇಬನ ಬೆನ್ನ ಹಿಂದೆ ಅವನು ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಂಡ. ನಾನಿದೀನಿ, ಹೋಗು, ಅಂತ. ಆಮೇಲೆ ಅವಳು ಚರಂಡಿಗೆ ಕೈ ಹಾಕಿದಳು.

ಗೇಟಿನ ಹತ್ತಿರ ನಿಂತಳು. ಚಪ್ಪಲಿಯಿಂದ ಸುಣ್ಣದ ನೀರು ಇಳಿದು ಹುಬ್ಬಿಗೆ, ಕಣ್ಣಿಗೆ ಬಂದು ಉರಿಯಿತು. ಲಾರಿಯವರು ಹಾರ್ನ್ ಹೊಡೆದು ನಕ್ಕರು. ಆಫೀಸಿನ ಹುಡುಗಿಯರು ನೋಡಿಯೂ ನೋಡದವರ ಹಾಗೆ ಸೆರಗು ಸರಿಮಾಡಿಕೊಂಡು ಹೋದರು. ಮಾನ ಹೋಯಿತು ಅಂತ ಅಳುವುದಕ್ಕೂ ಅವಳಿಗೆ ಪುರುಸೊತ್ತಿರಲಿಲ್ಲ. ಮೈಯೆಲ್ಲ ಕಿವಿಯಾಗಿ ಆ ಮೂರನೇ ಪೀಪಾಯಿಯ ಕಡೆಗಿತ್ತು. ಯಾವ ಮೋಟಾರು ಗುಂಯ್ ಅಂದರೂ ಕತ್ತು ಅತ್ತ ತಿರುಗಿ ತಲೆ ಮೇಲಿನ ಚಪ್ಪಲಿ ಜಾರುತ್ತಿತ್ತು.

ಗಂಟೆ ಹೊಡೆಯಿತು. ತಮ್ಮ ತಾನೇ ನಡೆದುಕೊಂಡು ಬಂದ. ಉದ್ದ ಅಂತ ಅವನನ್ನು ಕರೆಯುತ್ತಿದ್ದದ್ದು. ಅಷ್ಟು ಎತ್ತರದವನು ಅಷ್ಟು ಚಿಕ್ಕ ಬಾಗಿಲಲ್ಲಿ ಹೇಗೆ ಮಡಿಸಿಕೊಂಡು ತೂರುತ್ತಾನೆ ಅಂತ ಎಲ್ಲರಿಗೂ ಸೋಜಿಗ. ತಲೆಯಿಂದ ಕಾಲಿನವರೆಗೂ ಸುಣ್ಣ, ಕಾಲಿಗೆ ಕಟ್ಟಿಕೊಂಡ ಪ್ಲಾಸ್ಟಿಕ್ ಕವರು ಹರಿದು ಜೋತಾಡುತ್ತಿತ್ತು. ಕಂಪನಿ ಕೊಡಬೇಕಾದ ಬೂಟು ಉಗ್ರಾಣದಲ್ಲಿ ಬೀಗ ಹಾಕಿಸಿಕೊಂಡು ಹೊಸದಾಗಿಯೇ ಇತ್ತು.

"ಏನಕ್ಕ, ಕಿರೀಟ ಇಟ್ಟಿದಾರೆ?"

"ನಿನ್ನ ಕಾಲಿನ ನಾತ ಈ ಜನ್ಮದಲ್ಲಿ ನನ್ನ ತಲೆ ಬಿಟ್ಟು ಹೋಗಲ್ಲ ಕಣೋ."

ಇಬ್ಬರೂ ನಕ್ಕರು. ಅವನು ಅವಳ ತಲೆಯಿಂದ ಚಪ್ಪಲಿ ತೆಗೆದು ಒದ್ದೆಯಾಗಿಯೇ ಮೆಟ್ಟಿಕೊಂಡ. ಅವನು ಕ್ಯಾಂಟೀನಿನ ಹಿಂದಿನ ಕಿಟಕಿಯ ಕಡೆ ನಡೆದ. ಪೀಪಾಯಿಯವರಿಗೆ ಮುಂದಿನ ಬಾಗಿಲಲ್ಲಿ ಊಟ ಕೊಡುತ್ತಿರಲಿಲ್ಲ. ಆ ಬೆನ್ನು ನೋಡುತ್ತಾ ನಿಂತಾಗ ಅವಳಿಗೆ ಸಿಟ್ಟು ಬಂತು. ಬಂದ ಸಿಟ್ಟು ಸಂಜೆಯಾದರೂ ಇಳಿಯಲಿಲ್ಲ.

*

ಬಣ್ಣದ ಸಾಹೇಬ ಬಂದು ತಿಂಗಳಾಗಿರಲಿಲ್ಲ. ಯಂತ್ರಗಳ ರಿಪೇರಿ, ತೊಳೆಯುವುದು, ಬಿಡಿಭಾಗ ಎಲ್ಲವನ್ನೂ 'ಯೋಜನೆ'ಯ ಪ್ರಕಾರ ನಡೆಸಲು ಕಂಪನಿ ಅವನನ್ನು ತಂದಿತ್ತು. ಅವನು ಬಂದ ಕೂಡಲೇ ಗೋಡೆಯಗಲದ ಒಂದು ಹಲಗೆ ಹಾಕಿಸಿದ. ಅದರ ಮೇಲೆ ಬಣ್ಣದ ಚೌಕಗಳು. ಯಂತ್ರ ಕೆಟ್ಟು ನಿಂತಿದ್ದರೂ ಚಿಂತೆ ಇರಲಿಲ್ಲ, ಹಲಗೆ ಚೆಂದ ಕಾಣಬೇಕಿತ್ತು. ಹೆಸರು ಅಲ್ಲಿಂದಲೇ ಬಿದ್ದದ್ದು.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಹಲಗೆಯ ಮುಂದೆ ನಿಲ್ಲಿಸಿದ. ಪೀಪಾಯಿಯವರನ್ನು ಬಾಗಿಲ ಆಚೆಯೇ ನಿಲ್ಲಿಸಿದ, ನಾತಕ್ಕೆ.

"ಹಸಿರು ಅಂದ್ರೆ ಕೆಲಸ ಮುಗೀತು. ಹಳದಿ ಅಂದ್ರೆ ಈ ವಾರ. ನೀಲಿ ಅಂದ್ರೆ ಮುಂದೆ. ಇನ್ಮೇಲೆ ಪೀಪಾಯಿ ತೊಳೆದು ಗೂಟ ಹಾಕೋಕೆ ಅರ್ಧ ಗಂಟೆ. ಆಫೀಸಿನವನು ಬಂದು ಸ್ವಿಚ್ಚಿಗೆ ಕೆಂಪು ಕಾರ್ಡು ಹಾಕ್ತಾನೆ, ಅರ್ಧ ಗಂಟೆ ಆದ್ಮೇಲೆ ಅವನೇ ತೆಗೀತಾನೆ. ಚಪ್ಪಲಿ, ಚಡ್ಡಿ, ಏನಾದ್ರೂ ಹಿಡಿ ಮೇಲೆ ಕಂಡ್ರೆ ಅವತ್ತೇ ಗೇಟಾಚೆ."

"ಅರ್ಧ ಗಂಟೆ ನಾತ ಆರೋಕೇ ಬೇಕು ಸಾರ್," ಎಂದ ಮೇಸ್ತ್ರಿ. "ಬಾಗಿಲು ತೆಗೆದ ಕೂಡ್ಲೆ ಹೋದ್ರೆ ತಲೆ ಸುತ್ತಿ ಬೀಳ್ತಾರೆ."

"ಯೋಜನೇಲಿ ನಾತ ಇಲ್ಲ."

"ಮತ್ತೆ ಆ ಮೂರನೇದರ ಬ್ರೇಕು ಸವೆದಿದೆ. ಸ್ವಿಚ್ಚು ಇಳಿಸಿದ್ರೂ ನಿಲ್ಲಲ್ಲ, ಅದರ ಪಾಡಿಗೆ ಅದು ಉರುಳ್ತದೆ."

ಸಾಹೇಬ ಹಲಗೆ ನೋಡಿದ. "ಅದು ನೀಲಿ."

"ನೀಲಿ ಅಂದ್ರೆ ಯಾವಾಗ ಸಾರ್?"

"ಬರೋ ವರ್ಷ."

"ಅಲ್ಲೀವರೆಗೆ?"

"ಅಲ್ಲೀವರೆಗೆ ನೀಲಿ."

ಬಾಗಿಲಾಚೆಯಿಂದ ಕತ್ತು ನೀಡಿ ಉದ್ದ ಕೇಳಿದ. "ನಾವು ಯಾವ ಬಣ್ಣ ಸಾರ್?"

ನಾಲ್ಕಾರು ಜನ ನಕ್ಕರು. ಸಾಹೇಬನಿಗೆ ಸಿಟ್ಟು ಬರಲಿಲ್ಲ, ಅವನು ನಿಜವಾದ ಪ್ರಶ್ನೆಯೆಂದೇ ತಿಳಿದು ಉತ್ತರ ಕೊಟ್ಟ. "ಗುತ್ತಿಗೆಯವರು ಹಲಗೆ ಮೇಲೆ ಬರಲ್ಲ. ಅದು ಮೆಷೀನುಗಳಿಗೆ ಮಾತ್ರ."

ಅವತ್ತು ಸಂಜೆ ಮನೆಯಲ್ಲಿ ತಮ್ಮನ ಹೆಂಡತಿ ಬಾಯಿ ಬಿಟ್ಟಳು. ಒಂದೇ ಕೋಣೆಯ ಮನೆ. ನಡುವೆ ಸೀರೆ ಕಟ್ಟಿದರೆ ಆಚೆ ಗಂಡಹೆಂಡತಿ, ಈಚೆ ಗಂಟಲಕ್ಕ. ಅವಳ ಗಂಡ ಎಂದೋ ಕೈಕೊಟ್ಟು ಹೋಗಿದ್ದ. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳಿಗೆ ಈಗ ತಮ್ಮನೇ ದಿಕ್ಕು.

"ಅಕ್ಕ, ಇವರನ್ನ ಅಲ್ಲಿಂದ ಬಿಡ್ಸಿ. ನಂಗೆ ದಿನಾ ಜೀವ ಹೋಗಿ ಬರುತ್ತೆ."

"ಬಿಡ್ಸಿ ಎಲ್ಲಿ ಸೇರ್ಸಲಿ? ಬಸ್ಸಲ್ಲಿ ನಮ್ಮ ಪಕ್ಕ ಕೂರೋರೇ ಇಲ್ಲ."

"ಅಕ್ಕ ಹೊರಗೆ ನಿಂತಿರ್ತಾಳಲ್ಲ, ನಂಗೇನು," ಎಂದ ಉದ್ದ, ಬಚ್ಚಲಲ್ಲಿ ಮೈಯುಜ್ಜಿಕೊಳ್ಳುತ್ತಾ. "ಅವಳು ಕೂಗಿದ್ರೆ ಸತ್ತೋನೂ ಎದ್ದು ಬರ್ತಾನೆ."

"ಬಾಯಿ ತೊಳ್ಕೋ," ಎಂದು ಗಂಟಲಕ್ಕ ಗದರಿದಳು. "ಸಾಯೋ ಮಾತು ಆಡ್ಬೇಡ."

*

ಗಿರಾಕಿಗಳು ಬರುವ ವಾರ ಕಾರ್ಖಾನೆಗೆ ಕಾರ್ಖಾನೆಯೇ ಸಿಂಗಾರಕ್ಕೆ ನಿಂತಿತ್ತು. ಚರಂಡಿಗೆ ಕಲ್ಲು ಹೊದಿಸಿದರು. ಗೋಡೆಗೆ ಬಣ್ಣ ಬಳಿದರು. ಗಂಟಲಕ್ಕನನ್ನು ಪೀಪಾಯಿಯ ಬಾಯಿಂದ ಎಬ್ಬಿಸಿ ಗೇಟು ಗುಡಿಸಲು ಕಳಿಸಿದರು.

"ಒಳಗೆ ಅವನಿದಾನೆ, ನಾನು ಹೋಗಲ್ಲ," ಅಂದಳು.

"ಕಾರ್ಡು ಹಾಕಿದೆಯಲ್ಲ ಕಣಮ್ಮ," ಎಂದ ಆಫೀಸಿನ ಗುಮಾಸ್ತ. ಅವನ ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಗಡಿಯಾರ. "ಕಾರ್ಡಿಗಿಂತ ನೀನು ದೊಡ್ಡವಳಾ?"

ಹೋದಳು. ಹೋಗುವ ಮೊದಲು ಬಾಗಿಲಿಗೆ ಬಾಯಿಟ್ಟು, "ಬೇಗ ಮುಗಿಸೋ, ನಾನು ಇರಲ್ಲ," ಎಂದು ಕೂಗಿದಳು. ಒಳಗಿಂದ ಸುತ್ತಿಗೆಯ ಸದ್ದು ಎರಡು ಸಲ ಬಂತು. ಸರಿ ಅಂತ ಅದರ ಅರ್ಥ.

ಆ ಮೂರನೇ ಪೀಪಾಯಿಯಲ್ಲಿ ಗೂಟಗಳು ಅರ್ಧಕ್ಕರ್ಧ ಮುರಿದಿದ್ದವು. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವೇ ಅದಲ್ಲ. ಹೊತ್ತಾಯಿತು ಅಂತ ಗುಮಾಸ್ತ ಬಂದು ಕಾರ್ಡು ತೆಗೆದು ಜೇಬಿಗೆ ಹಾಕಿಕೊಂಡ. ಬಾಗಿಲು ಆ ಕಡೆಗಿತ್ತು, ಕೊಚ್ಚೆ ದಾಟಿ ಹೋಗಬೇಕಿತ್ತು. ಅವನ ಬೂಟು ಹೊಸದು. ಇದ್ದಲ್ಲಿಂದಲೇ "ಟೈಮಾಯ್ತು" ಅಂದ. ಅದು ಅವನಿಗೇ ಕೇಳಿಸಿತೋ ಇಲ್ಲವೋ.

ಹೊಸ ತೊಗಲು ತುಂಬಬೇಕಾದರೆ ಪೀಪಾಯಿಯನ್ನು ಸ್ವಲ್ಪ ಉರುಳಿಸಿ ಅದರ ಬಾಯಿ ಮೇಲಕ್ಕೆ ತರಬೇಕು. ಮೇಸ್ತ್ರಿ ಆ ತುದಿಯಿಂದ ಕುಂಟುತ್ತಾ ಬಂದ. ತೊಗಲಿನ ಗಾಡಿ ಕಾಯುತ್ತಿತ್ತು, ಸಾಹೇಬ ಮೇಲಿನ ಕಿಟಕಿಯಿಂದ ಕೈಬೀಸುತ್ತಿದ್ದ. ಮೇಸ್ತ್ರಿ ಹಿಡಿ ನೋಡಿದ. ಚಪ್ಪಲಿ ಇರಲಿಲ್ಲ. ಕಾರ್ಡು, ಬಣ್ಣ, ಹೊಸ ಕಾನೂನು ಎಲ್ಲ ಅವನ ತಲೆಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಚಪ್ಪಲಿ ಇಲ್ಲ ಅಂದರೆ ಒಳಗೆ ಯಾರೂ ಇಲ್ಲ ಅಂತ ಆಯುಷ್ಯವಿಡೀ ನಂಬಿದ ಕಣ್ಣು ಅದು. ಕೈ ಹಿಡಿಯನ್ನು ಮೇಲಕ್ಕೆ ತಳ್ಳಿತು.

ಗೇಟಿನ ಹತ್ತಿರ ಗಂಟಲಕ್ಕನ ಕೈಯಲ್ಲಿದ್ದ ಪೊರಕೆ ನಿಂತಿತು. ತೊಗಲು ತುಂಬಿದ ಪೀಪಾಯಿಯ ಸದ್ದು ಬೇರೆ, ಖಾಲಿ ಪೀಪಾಯಿಯ ಸದ್ದು ಬೇರೆ. ಇದು ಎರಡೂ ಅಲ್ಲ. ಖಾಲಿಯದರೊಳಗೆ ಏನೋ ಒಂದು ಎದ್ದು ಬಿದ್ದು ಎದ್ದು ಬೀಳುವ ಸದ್ದು.

"ಒಳಗೆ ಜನ ಇದಾರೋ!"

ಕಾರ್ಖಾನೆಯೇ ಗಕ್ಕನೆ ನಿಂತುಹೋಯಿತು. ತೊಗಲು ಹೊತ್ತವರು ನಿಂತರು, ಲಾರಿಯವರು ನಿಂತರು. ಮೇಸ್ತ್ರಿ ಹಿಡಿಯನ್ನು ಎಳೆದು ಅದಕ್ಕೆ ಜೋತುಬಿದ್ದ. ಮೋಟಾರು ನಿಂತಿತು. ಪೀಪಾಯಿ ನಿಲ್ಲಲಿಲ್ಲ. ಬ್ರೇಕು ಇಲ್ಲದ ಪೀಪಾಯಿ ಯಾವ ಅವಸರವೂ ಇಲ್ಲದೆ ಇನ್ನೊಂದು ಸುತ್ತು ಉರುಳಿತು, ಆಮೇಲೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತೂಗಿ, ತನಗೆ ಬೇಕಾದಾಗ ನಿಂತಿತು. ಅಷ್ಟು ಜನ ಸೇರಿ ಅದನ್ನು ನೋಡುತ್ತಾ ನಿಂತಿರುವುದು ಬಿಟ್ಟು ಮಾಡುವುದಕ್ಕೆ ಏನೂ ಇರಲಿಲ್ಲ.

ಉದ್ದನನ್ನು ಕಾಲು ಹಿಡಿದು ಹೊರಗೆ ಎಳೆದರು. ಜೀವ ಇತ್ತು. ಒಂದು ಗೂಟವನ್ನು ತಬ್ಬಿ ಹಿಡಿದದ್ದರಿಂದ ಉಳಿದಿದ್ದ. ಎಡಭುಜ ಕಳಚಿ ತೋಳು ಹಿಂದಕ್ಕೆ ತಿರುಗಿತ್ತು. ಮುಖದ ಒಂದು ಕಡೆಯ ಚರ್ಮ ಸುಲಿದಿತ್ತು. ಕಣ್ಣು ಬಿಟ್ಟೇ ಇದ್ದ, ಅಕ್ಕನನ್ನು ನೋಡುತ್ತಿದ್ದ, ಆದರೆ ಗುರುತಿಲ್ಲದವರನ್ನು ನೋಡುವ ಹಾಗೆ.

"ಮಾತಾಡೋ," ಎಂದಳು ಗಂಟಲಕ್ಕ. "ನನ್ನಪ್ಪ, ಒಂದು ಮಾತಾಡೋ. ಬೈಯೋ ನನ್ನ."

ಅವನು ತುಟಿ ಪಿಟಕ್ಕೆನ್ನಲಿಲ್ಲ.

ಸಾಹೇಬ ಮೆಟ್ಟಿಲಿಳಿದು ಬಂದ. ಮೊದಲು ಪೀಪಾಯಿಯ ಸುತ್ತ ಒಂದು ಸುತ್ತು ಹೊಡೆದ. "ಇದಕ್ಕೇನೂ ಆಗಿಲ್ಲ ತಾನೆ?" ಎಂದ. ಆಮೇಲೆ ನೆಲದ ಮೇಲಿದ್ದವನನ್ನು ನೋಡಿದ. "ಟೈಮ್ ಮುಗಿದ್ಮೇಲೂ ಒಳಗೆ ಕೂತಿದ್ದು ಯಾರ ತಪ್ಪು? ಕಾರ್ಡಿಲ್ಲ ಅಂದ್ಮೇಲೆ ಲೆಕ್ಕದಲ್ಲಿ ಅವನು ಒಳಗಿಲ್ಲ. ಯಾರಾದ್ರೂ ಕೇಳಿದ್ರೆ ಕಾಲು ಜಾರಿ ಬಿದ್ದ ಅನ್ನಿ. ಮೇಸ್ತ್ರಿ, ನಿನ್ನ ಕುತ್ತಿಗೆಗೇ ಬರುತ್ತೆ, ನೆನಪಿರಲಿ."

ಕಂಪನಿಯ ಡಾಕ್ಟರು ಭುಜ ಕೂರಿಸಿ, ತೋಳಿಗೆ ಬಟ್ಟೆ ಕಟ್ಟಿ, ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸಿದ. ಹಲಗೆಯ ಮೇಲೆ ಮೂರನೇ ಪೀಪಾಯಿಗೆ ಹಸಿರು ಚೌಕ ಬಿತ್ತು. ಇನ್ನೂ ಒಂದಷ್ಟು ಗೂಟ ಹಾಗೆಯೇ ಬಾಕಿ ಇದ್ದವು.

*

ಮರುದಿನ ಅವಳು ಕೆಲಸಕ್ಕೆ ಹೊರಟಾಗ ಉದ್ದನೂ ಎದ್ದು ಹಿಂದೆಯೇ ಬಂದ. ಹೆಂಡತಿ ತಡೆದಳು, ಕ್ಯಾರೇ ಅನ್ನಲಿಲ್ಲ. ಅಕ್ಕ ನಿಂತರೆ ನಿಲ್ಲುತ್ತಿದ್ದ, ನಡೆದರೆ ನಡೆಯುತ್ತಿದ್ದ. ಗೇಟಿನ ಹತ್ತಿರ ಗೋಡೆಗೆ ಒರಗಿಸಿ ಕೂರಿಸಿದಳು. ಕೂತ.

ಕ್ಯಾಂಟೀನಿನ ಹಿಂದೆ ಮೇಸ್ತ್ರಿ ಕಾಯುತ್ತಿದ್ದ. ಕಣ್ಣು ಊದಿದ್ದವು.

"ನನ್ನ ಕಣ್ಣು ಚಪ್ಪಲಿ ಹುಡುಕ್ತು ಕಣವ್ವ. ಇರ್ಲಿಲ್ಲ. ಕೈ ತಾನಾಗೇ ಹೋಯ್ತು."

"ನಿನ್ನ ಕೈಗೆ ಹುಳ ಬೀಳ್ಲಿ ಅಂತ ರಾತ್ರಿಯೆಲ್ಲ ಶಾಪ ಹಾಕ್ದೆ ಮೇಸ್ತ್ರಣ್ಣ," ಎಂದಳು. "ಬೆಳಿಗ್ಗೆ ವಾಪಸ್ ತಗೊಂಡೆ. ಹಾಕ್ಬೇಕಾದ್ದು ನಿನಗಲ್ಲ."

ಅಷ್ಟರಲ್ಲಿ ಗುಮಾಸ್ತ ಬಂದು ಎಲ್ಲರನ್ನೂ ಕರೆದ. ಗಿರಾಕಿಗಳು ಮಧ್ಯಾಹ್ನವೇ ಬರುತ್ತಿದ್ದಾರೆ, ತೊಳೆದು ಖಾಲಿ ನಿಲ್ಲಿಸಿರುವ ಅಷ್ಟೂ ಪೀಪಾಯಿ ಅವರ ಕಣ್ಣ ಮುಂದೆ ಓಡಬೇಕು. ಮೂರನೆಯದಕ್ಕೆ ಗೂಟ ಹಾಕದೆ ತೊಗಲು ತುಂಬಿದರೆ ಹರಿದುಹೋಗುತ್ತದೆ.

"ಹಸಿರು ಅಂತ ಹಾಕಿದೀರಲ್ಲ ಸಾರ್," ಎಂದ ಕುಳ್ಳ, ಎರಡನೇ ಪೀಪಾಯಿಯವನು.

"ನಾಲಿಗೆ ಕಿತ್ತು ಕೈಗೆ ಕೊಡ್ತೀನಿ ಬೋಳಿಮಗನೆ," ಎಂದ ಸಾಹೇಬ. " ಯಾರು ಹೋಗ್ತೀರಿ ಒಳಗೆ?"

ಪೀಪಾಯಿಯವರು ನೆಲ ನೋಡಿದರು. ಎಲ್ಲರಿಗೂ ಹೆಂಡತಿ ಮಕ್ಕಳಿದ್ದರು, ಎಲ್ಲರೂ ನಿನ್ನೆಯ ಆ ಸದ್ದು ಕೇಳಿದ್ದರು. ಸಾಹೇಬ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದ.

"ಯಾರೂ ಹೋಗ್ದಿದ್ರೆ ಎಲ್ಲರಿಗೂ ಗೇಟು. ನಿಮ್ಮಂಥೋರು ಬೀದಿ ತುಂಬಾ ಬಿದ್ದಿದಾರೆ."

"ನಾನ್ ಹೋಗ್ತೀನಿ," ಎಂದಳು ಗಂಟಲಕ್ಕ.

ಹೆಂಗಸರು ಎಂದೂ ಒಳಗೆ ಹೋದದ್ದಿಲ್ಲ. ಸಾಹೇಬ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಆ ಬಾಗಿಲಲ್ಲಿ ನಿನ್ನ ಅಂಡು ಹಿಡಿಸುತ್ತೇನೇ?" ಗುಮಾಸ್ತ ಕಿಸಕ್ಕೆಂದ. ಬೇರೆ ಯಾರೂ ನಗಲಿಲ್ಲ.

"ನೀವು ನೋಡ್ತಾ ನಿಂತ್ಕೊಳ್ಳಿ, ಗೊತ್ತಾಗುತ್ತೆ."

ಸೀರೆಯನ್ನು ಕಚ್ಚೆ ಕಟ್ಟಿ, ಕಾಲಿಗೆ ಕವರು ಸುತ್ತಿ, ಸುತ್ತಿಗೆ ಗೂಟ ಒಳಗೆ ಎಸೆದು, ತಲೆ ಮುಂದಾಗಿ ತೂರಿದಳು. ಗುಮಾಸ್ತ ಕೆಂಪು ಕಾರ್ಡು ನೇತುಹಾಕಿ ಗಡಿಯಾರ ನೋಡಿಕೊಂಡ.

ಒಳಗೆ ಮೊದಲು ಏನೂ ಕಾಣಲಿಲ್ಲ. ನಾತ ಮೂಗಿಗಲ್ಲ, ನೇರ ಕಣ್ಣಿಗೆ, ಗಂಟಲಿಗೆ ಹೊಡೆಯಿತು. ಕಾಲಡಿಯ ಮರ ಲೋಳೆ. ಆಮೇಲೆ ಬಾಗಿಲಿನ ಬೆಳಕಿಗೆ ಗೂಟಗಳು ಒಂದೊಂದಾಗಿ ಕಂಡವು, ಸುತ್ತಲೂ, ತಲೆಯ ಮೇಲೂ. ಇಷ್ಟು ವರ್ಷ ಹೊರಗೆ ನಿಂತು 'ಬೇಗ ಮುಗಿಸೋ' ಅಂತ ಕೂಗಿದ್ದಳು. ಎಂಥಾ ಕಡೆಗೆ ಕೂಗುತ್ತಿದ್ದೆ ಅಂತ ಈಗ ಗೊತ್ತಾಯಿತು. ಒಂದು ಗೂಟಕ್ಕೆ ಕೂದಲೂ ಒಂದು ಚೂರು ಅಂಗಿಯ ಬಟ್ಟೆಯೂ ಅಂಟಿದ್ದವು. ಕೂದಲು ತೊಗಲಿನದ್ದಲ್ಲ. ಅವಳು ಆ ಗೂಟದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಅತ್ತಳು. ಅಳು ಮುಗಿದ ಮೇಲೆ ಒಂದು ಗೂಟ ಬಡಿದಳು, ಇನ್ನೊಂದು ಬಡಿದಳು. ಆಮೇಲೆ ಸುತ್ತಿಗೆ ಕೆಳಗಿಟ್ಟಳು.

"ಟೈಮಾಯ್ತು," ಅಂದ ಗುಮಾಸ್ತ. ಈ ಸಲ ಕೊಚ್ಚೆ ದಾಟಿ ಬಾಗಿಲಿಗೇ ಬಂದಿದ್ದ. "ಬಾರಮ್ಮ ಹೊರಗೆ."

"ಬರಲ್ಲ."

"ಏನು?"

"ಬರಲ್ಲ ಅಂದೆ. ನಿಮ್ಮ ಸಾಹೇಬನಿಗೆ ಹೇಳು. ಈ ಪೀಪಾಯಿಗೆ ಬ್ರೇಕು ಹಾಕ್ಸಿ. ಕಾರ್ಡು ನಿನ್ನ ಜೇಬಲ್ಲಿರೋದು ಬೇಡ. ಒಳಗೆ ಹೋಗೋನು ತಾನೇ ಹಾಕ್ಬೇಕು, ಹೊರಗೆ ಬಂದೋನು ತಾನೇ ತೆಗೀಬೇಕು. ನನ್ನ ತಮ್ಮನ್ನ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು. ಅಲ್ಲೀವರೆಗೆ ಬರಲ್ಲ."

ಮೆಲ್ಲಗೇನೂ ಹೇಳಲಿಲ್ಲ. ಪೀಪಾಯಿಯೊಳಗಿಂದ ಆ ಗಂಟಲು ಎರಡರಷ್ಟಾಗಿ ಹೊರಬಿತ್ತು. ಸಾಹೇಬ ಇದ್ದಲ್ಲಿಂದಲೇ ಕೇಳಿಸಿಕೊಂಡ. ಬೂಟಿನ ಸದ್ದು ಹತ್ತಿರ ಬಂತು.

"ಗೇಟಲ್ಲಿ ಚಪ್ಪಲಿ ಹೊತ್ತಿದ್ದು ಸಾಕಾಗ್ಲಿಲ್ವಾ ನಿಂಗೆ? ಒಬ್ಬ ಸಗಣಿ ಬಾಚೋಳು ನಂಗೆ ಮೆಷೀನು ನೋಡ್ಕೊಳ್ಳೋದು ಹೇಳಿಕೊಡ್ತಾಳಾ? ಮೇಸ್ತ್ರಿ, ಕಾರ್ಡು ತೆಗೆದಾಯ್ತಾ?"

"ತೆಗೆದಿದಾರೆ ಸಾರ್."

"ಹಾಕು ಸ್ವಿಚ್ಚು."

"ಒಳಗೆ ಜನ ಇದಾರೆ ಸಾರ್."

"ಕಾರ್ಡಿಲ್ಲ. ಕಾರ್ಡಿಲ್ಲ ಅಂದ್ರೆ ಜನ ಇಲ್ಲ. ಹಾಕು."

ಗಂಟಲಕ್ಕ ಕಿವಿಯನ್ನು ಮರಕ್ಕೆ ಒತ್ತಿದಳು. ಮೇಸ್ತ್ರಿಯ ಕುಂಟುಹೆಜ್ಜೆ ಅವಳಿಗೆ ಚೆನ್ನಾಗಿ ಗೊತ್ತು, ಒಂದು ಗಟ್ಟಿ ಒಂದು ಸರಕ್ಕು. ಅದು ಸ್ವಿಚ್ಚಿನ ಹತ್ತಿರ ಬಂತು. ನಿಂತಿತು. ಮತ್ತೆ ಹೊರಟಿತು. ಸ್ವಿಚ್ಚು ದಾಟಿ, ನಾಲ್ಕನೇ ಪೀಪಾಯಿಯ ಕಡೆಗೆ. ಆಮೇಲೆ ಏದುಸಿರು, ಮರಕ್ಕೆ ಬಟ್ಟೆ ಉಜ್ಜುವ ಸದ್ದು, ಒಳಗೆ ಧೊಪ್ಪನೆ ಬಿದ್ದ ಸದ್ದು.

"ಏಯ್, ಎಲ್ಲಿಗೆ ಹೋಗ್ತಿದೀಯೋ ಕುಂಟ ನಾಯಿ?"

ಉತ್ತರ ಬಂದದ್ದು ಎರಡನೇ ಪೀಪಾಯಿಯಿಂದ, ಇನ್ನೊಂದು ಧೊಪ್ಪನೆ ಸದ್ದು. "ಯಾರೋ ಅದು?" ಎಂದು ಅವಳು ಕೂಗಿದಳು. "ನಾನು ಅಕ್ಕ, ಕುಳ್ಳ," ಅಂತ ಗೋಡೆಯಾಚೆಯಿಂದ ಕೇಳಿದ ಹಾಗೆ ಬಂತು. ಆಮೇಲೆ ಅತ್ತ ಕಡೆ ಒಂದು, ಇತ್ತ ಕಡೆ ಒಂದು. ಓಡುವ ಕಾಲುಗಳು, ಗುಮಾಸ್ತನ ಬೊಬ್ಬೆ, ಯಾರನ್ನೋ ಎಳೆದದ್ದು, ಅಂಗಿ ಹರಿದದ್ದು. ಧೊಪ್. ಧೊಪ್. ಅವಳು ಒಂದೊಂದು ಸದ್ದಿಗೂ "ಯಾರೋ" ಅಂತ ಕೂಗುತ್ತಿದ್ದಳು, ಒಂದೊಂದು ಪೀಪಾಯಿಯಿಂದಲೂ ಯಾರಾದರೂ ಓಗೊಡುತ್ತಿದ್ದರು. ಅವಳಿಗೆ ಎಂಥದೋ ಖುಷಿಯಾಯಿತು. ಹೆದರಿಕೆಯೂ ಅಷ್ಟೇ ಆಯಿತು, ಈಗ ತನ್ನೊಬ್ಬಳ ಜೀವವಲ್ಲವಲ್ಲ ಅಂತ.

ಗೇಟಿನ ಕಡೆ ಕಾರಿನ ಹಾರ್ನು ಕೇಳಿಸಿತು. ಒಂದು, ಅದರ ಹಿಂದೆ ಇನ್ನೊಂದು.

ಬಾಗಿಲಿನ ಬೆಳಕು ಮಂಕಾಯಿತು. ಸಾಹೇಬನ ಮುಖ. ಕರವಸ್ತ್ರ ಇರಲಿಲ್ಲ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಬಂದ್ಬಿಟ್ರು. ಹೊರಗೆ ಬಾ. ಆಮೇಲೆ ಕೂತು ಮಾತಾಡೋಣ."

"ನೀವೇ ಒಳಗೆ ಬನ್ನಿ ಸಾರ್. ಜಾಗ ಇದೆ. ಕೂತೇ ಮಾತಾಡೋಣ."

"ನಾನೇ ಹಾಕ್ತೀನಿ ಸ್ವಿಚ್ಚು. ನನಗೇನೂ ಆಗಲ್ಲ, ತಿಳ್ಕೋ. ನೀವು ಯಾರೂ ಎಲ್ಲೂ ಲೆಕ್ಕದಲ್ಲಿಲ್ಲ."

ಮುಖ ಹೋಯಿತು. ಬೂಟಿನ ಸದ್ದು ಆಚೆ ಬದಿಗೆ ಬಳಸಿಕೊಂಡು ಹೋಯಿತು. ಸ್ವಿಚ್ಚಿನ ಹತ್ತಿರ ನಿಂತಿತು.

"ಸರಿ ಪಕ್ಕಕ್ಕೆ," ಎಂದ ಸಾಹೇಬ.

ಯಾರಿಗೆ ಹೇಳಿದ್ದು ಅಂತ ಗಂಟಲಕ್ಕನಿಗೆ ತಿಳಿಯಲಿಲ್ಲ. ಹೊರಗೆ ಪೀಪಾಯಿಯವರು ಯಾರೂ ಉಳಿದಿರಲಿಲ್ಲವಲ್ಲ.

"ಕಿವಿ ಕೇಳಲ್ವೇನೋ? ಸರಿಯೋ ಪಕ್ಕಕ್ಕೆ."

ಉತ್ತರ ಇಲ್ಲ. ಕೆನ್ನೆಗೆ ಬಿದ್ದ ಪೆಟ್ಟಿನ ಸದ್ದು. ಉತ್ತರ ಇಲ್ಲ. ಇನ್ನೊಂದು. ಕಿವಿ ಕೇಳುವ, ಬಾಯಿರುವ ಮನುಷ್ಯ ಯಾರೇ ಆಗಲಿ ಅಷ್ಟು ಹೊತ್ತಿಗೆ ಅಯ್ಯೋ ಅಂತಾದರೂ ಅನ್ನುತ್ತಿದ್ದ. ಗೇಟಿನ ಗೋಡೆಗೆ ಒರಗಿ ಕೂತಿದ್ದವನು ಅಲ್ಲಿಗೆ ಬಂದಿದ್ದಾನೆ ಅಂತ ಆಗ ಅವಳಿಗೆ ಹೊಳೆಯಿತು. ಕರೆಯಬೇಕು ಅಂದುಕೊಂಡಳು. ಕರೆದರೆ ಅವನು ಸ್ವಿಚ್ಚು ಬಿಟ್ಟು ಅಕ್ಕನ ಹತ್ತಿರ ಬಂದುಬಿಡುತ್ತಾನೆ. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹುಟ್ಟಿದಾಗಿನಿಂದ ಅವಳು ಕೂಗದೆ ಸುಮ್ಮನಿದ್ದದ್ದು ಅಷ್ಟೇ ಹೊತ್ತು.

ಏನೋ ನೂಕಾಟ. ಗುಮಾಸ್ತನ ಧ್ವನಿ, "ಕೈ ಹಿಡ್ಕೊಂಡಿದೀನಿ ಸಾರ್, ಬೇಗ." ಕಳಚಿದ್ದ ಭುಜದ ನೋವಿಗೆ ಬಂದ, ಮಾತಲ್ಲದ, ಒಂದು ಊಳು.

ಆ ಸ್ವಿಚ್ಚಿನ ಹಿಡಿಗೆ ತುಕ್ಕು ಹಿಡಿದಿತ್ತು. ಮೇಲಕ್ಕೆ ಹೋಗುವ ಮೊದಲು ಅದು ಕಿರುಗುಟ್ಟುತ್ತದೆ. ಕಿರುಗುಟ್ಟಿತು.

ಗಂಟಲಕ್ಕ ಬಾಯಿಂದ ಸೆರಗು ಉಗಿದು, ಹತ್ತಿರದ ಗೂಟವನ್ನು ಎರಡೂ ತೋಳಿನಿಂದ ತಬ್ಬಿದಳು.

"ಗೂಟ ಹಿಡ್ಕೊಳ್ರೋ," ಎಂದು ಅಷ್ಟೂ ಪೀಪಾಯಿಗಳಿಗೆ ಕೇಳುವ ಹಾಗೆ ಕೂಗಿದಳು. "ಗಟ್ಟಿಯಾಗಿ ಹಿಡ್ಕೊಳ್ರೋ."

ಎಲ್ಲ ಪೀಪಾಯಿಗಳ ಒಳಗಿಂದಲೂ ಮರಕ್ಕೆ ಗುದ್ದುವ ಸದ್ದು ಎದ್ದಿತು, ಮುಷ್ಟಿಯಿಂದ, ಸುತ್ತಿಗೆಯಿಂದ, ಕಾಲಿನಿಂದ. ಛಾವಣಿಯ ತಗಡು ಅದಿರಿತು. ಮೋಟಾರಿನ ಸದ್ದು ಅದರೊಳಗೆ ಇತ್ತೋ ಇಲ್ಲವೋ ಅವಳಿಗೆ ಕೇಳಿಸಲಿಲ್ಲ.